ಆಂಬ್ಯುಲೆನ್ಸ್‌ನವರಿಗೆ ನಿಮ್ಮ ಕಾಯಿಲೆ ಗೊತ್ತಾಗಬೇಕಾದರೆ: ಕಿಸೆಯಲ್ಲೊಂದು ಚೀಟಿ, ಫೋನಿನಲ್ಲೊಂದು ಪುಟ

ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. "ಅಪ್ಪನಿಗೆ ಶುಗರ್ ಇದೆ, ಒಬ್ಬರೇ ಹೊಲಕ್ಕೆ ಹೋಗ್ತಾರೆ. ದಾರಿಯಲ್ಲಿ ಬಿದ್ದರೆ ನೋಡಿದವರಿಗೆ ಏನು ಗೊತ್ತಾಗುತ್ತೆ?" "ನಾನು ಪುಣೆಯಲ್ಲಿ, ಅವ್ವ ಜೇವರ್ಗಿಯಲ್ಲಿ ಒಬ್ಬಳೇ. ಯಾವ ಆ್ಯಪ್ ಹಾಕಿಕೊಡಲಿ?" "ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಬ್ಲಡ್ ಗ್ರೂಪ್ ಇದೆ, ಅಷ್ಟು ಸಾಕಲ್ವಾ?"

ಮೂವರಿಗೂ ನನ್ನ ಉತ್ತರ ಇಷ್ಟೇ. ಮೊದಲು ಕಾಗದ, ಆಮೇಲೆ ಫೋನ್. ಮೊದಲು ಗುಳಿಗೆಗಳ ಹೆಸರು, ಆಮೇಲೆ ಬ್ಲಡ್ ಗ್ರೂಪ್.

ಕಾಗದ ಯಾಕೆ ಅಂತ ಕೇಳಬಹುದು. ನಮ್ಮ ಕಡೆ ರೋಗಿ ಒಂದೇ ಕೈಯಲ್ಲಿ ಉಳಿಯುವುದಿಲ್ಲ. ಔರಾದ್ ಹತ್ತಿರದ ಹಳ್ಳಿಯಲ್ಲಿ ಎದೆನೋವು ಬಂತು ಅಂದುಕೊಳ್ಳಿ. ಮೊದಲು ತಾಲ್ಲೂಕು ದವಾಖಾನೆ, ಅಲ್ಲಿಂದ ಬೀದರಿನ ಬ್ರಿಮ್ಸ್, ಅಲ್ಲಿಂದ ಹೈದರಾಬಾದ್. ಅಫಜಲಪುರದವರಾದರೆ ಕಲಬುರಗಿಯ ಜಿಮ್ಸ್ ಅಥವಾ ಜಯದೇವ, ಇಲ್ಲವೇ ನೇರ ಸೊಲ್ಲಾಪುರ. ಸುರಪುರದವರು ಯಾದಗಿರಿಯ ಯಿಮ್ಸ್ ದಾಟಿ ಮುಂದೆ ಹೋಗಬೇಕಾಗಬಹುದು. ಪ್ರತಿ ಸಲ ಕೈ ಬದಲಾದಾಗ ಒಂದಿಷ್ಟು ಮಾಹಿತಿ ಉದುರಿ ಹೋಗುತ್ತದೆ. ಜೊತೆಗೆ ಬಂದ ಪಕ್ಕದ ಮನೆಯವರಿಗೆ "ಏನೋ ಬಿಳಿ ಗುಳಿಗೆ ತಗೋತಾರ್ರೀ" ಎನ್ನುವುದಕ್ಕಿಂತ ಹೆಚ್ಚು ಗೊತ್ತಿರುವುದಿಲ್ಲ. ಫೋನಿನ ಚಾರ್ಜ್ ಅಷ್ಟರಲ್ಲಿ ಮುಗಿದಿರುತ್ತದೆ, ಇಲ್ಲವೇ ಫೋನ್ ಮಗನ ಕೈಗೆ ಹೋಗಿರುತ್ತದೆ. ರೋಗಿಯ ಜೊತೆ ಸ್ಟ್ರೆಚರ್ ಮೇಲೆ ಕೊನೆವರೆಗೂ ಹೋಗುವುದು ಕಾಗದ ಮಾತ್ರ.

ಓದುವವರಿಗೆ ಏನು ಬೇಕು?

ಕರ್ನಾಟಕದಲ್ಲಿ 108 ಸೇವೆ ಶುರುವಾದದ್ದು 2008ರಲ್ಲಿ. ಆ ಗಾಡಿಯಲ್ಲಿ ಚಾಲಕನ ಜೊತೆ ಒಬ್ಬ ಇಎಂಟಿ ಇರುತ್ತಾರೆ. ತುರ್ತು ಚಿಕಿತ್ಸೆಯ ತರಬೇತಿ ಪಡೆದವರು, ಆದರೆ ಡಾಕ್ಟರ್ ಅಲ್ಲ. ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ: ಏನಾಗುತ್ತಿದೆ, ಯಾವುದಾದರೂ ಔಷಧಿ ಒಗ್ಗುವುದಿಲ್ಲವೇ, ಯಾವ ಗುಳಿಗೆ ತೆಗೆದುಕೊಳ್ಳುತ್ತಾರೆ, ಮೊದಲಿನಿಂದ ಏನು ಕಾಯಿಲೆ ಇದೆ, ಕೊನೆಯ ಸಲ ಊಟ ಮಾಡಿದ್ದು ಯಾವಾಗ, ಇದು ಹೇಗೆ ಶುರುವಾಯಿತು.

ಆರರಲ್ಲಿ ನಡುವಿನ ಮೂರಕ್ಕೆ ನೀವು ಇವತ್ತೇ ಉತ್ತರ ಬರೆದಿಡಬಹುದು. ಉಳಿದ ಮೂರು ಆ ಹೊತ್ತಿಗೆ ಜೊತೆಯಲ್ಲಿ ಇದ್ದವರು ಹೇಳಬೇಕಾದವು.

ಬ್ಲಡ್ ಗ್ರೂಪ್ ಆ ಪಟ್ಟಿಯಲ್ಲೇ ಇಲ್ಲ ನೋಡಿ. ನಿಮ್ಮ ಲೈಸೆನ್ಸ್‌ನಲ್ಲಿ ಏನೇ ಬರೆದಿರಲಿ, ದವಾಖಾನೆಯವರು ತಾವೇ ಪರೀಕ್ಷೆ ಮಾಡಿ, ಹೊಂದಿಸಿ ನೋಡಿಯೇ ರಕ್ತ ಕೊಡುತ್ತಾರೆ. ಬರೆದರೆ ತಪ್ಪಿಲ್ಲ, ಆದರೆ ಕೊನೆಯ ಸಾಲಿನಲ್ಲಿ ಬರೆಯಿರಿ. ಗರ್ಭಿಣಿಯರ ವಿಷಯ ಬೇರೆ. ಅವರ ಗ್ರೂಪ್ ನೆಗೆಟಿವ್ ಇದ್ದರೆ ಅದನ್ನು ಮೇಲೆಯೇ ಬರೆಯಬೇಕು.

ಹಂತ 1: ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಒಂದು ಕಡೆ ಸುರಿಯಿರಿ

ನೆನಪಿನಿಂದ ಬರೆಯಬೇಡಿ. ಡಾಕ್ಟರ್ ಚೀಟಿ ನೋಡಿಯೂ ಬರೆಯಬೇಡಿ, ಆ ಅಕ್ಷರ ಮೆಡಿಕಲ್ ಅಂಗಡಿಯವರಿಗೆ ಮಾತ್ರ ಅರ್ಥವಾಗುತ್ತದೆ. ಗುಳಿಗೆಯ ಸ್ಟ್ರಿಪ್ ನೋಡಿ ಬರೆಯಿರಿ.

ಸ್ಟ್ರಿಪ್ ಮೇಲೆ ಎರಡು ಹೆಸರು ಇರುತ್ತವೆ. ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಪಕ್ಕದಲ್ಲೋ ಕೆಳಗೋ ಇರುವುದು ಒಳಗಿನ ಔಷಧಿಯ ಹೆಸರು. ಎರಡನೆಯದು ಮುಖ್ಯ. ಕಂಪನಿ ಹೆಸರು ಊರಿಂದ ಊರಿಗೆ, ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಜನೌಷಧಿ ಕೇಂದ್ರದಲ್ಲಿ ತಂದರೆ ಒಳಗಿನ ಔಷಧಿಯ ಹೆಸರೇ ಎದ್ದು ಕಾಣುತ್ತದೆ. ಆ ಹೆಸರಿನ ಜೊತೆ ಎಷ್ಟು ಮಿಲಿಗ್ರಾಂ, ದಿನಕ್ಕೆ ಹೇಗೆ ಅನ್ನುವುದನ್ನೂ ಬರೆಯಿರಿ. 1-0-1 ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ದೇಶದ ಯಾವ ಡಾಕ್ಟರಿಗೂ ಇದು ತಿಳಿಯುತ್ತದೆ.

ಎಲ್ಲ ಗುಳಿಗೆಗಳ ಮಹತ್ವ ಒಂದೇ ಅಲ್ಲ. ಕೆಳಗಿನವು ಇದ್ದರೆ ಪಟ್ಟಿಯ ಮೊದಲಿಗೇ ಬರೆದು ಅಡಿಗೆರೆ ಎಳೆಯಿರಿ.

ರಕ್ತ ತೆಳು ಮಾಡುವ ಗುಳಿಗೆ. ಸ್ಟೆಂಟ್ (ಹೃದಯದ ರಕ್ತನಾಳ ತೆರೆದಿಡುವ ಸಣ್ಣ ಕೊಳವೆ) ಹಾಕಿಸಿಕೊಂಡವರು ಆಸ್ಪಿರಿನ್ ಮತ್ತು ಕ್ಲೊಪಿಡೋಗ್ರೆಲ್ ನುಂಗುತ್ತಾರೆ. ಹೃದಯದ ವಾಲ್ವ್ ಬದಲಾಯಿಸಿಕೊಂಡವರು ವಾರ್ಫರಿನ್ ಅಥವಾ ಅಸಿನೊಕೌಮರಾಲ್ ತೆಗೆದುಕೊಳ್ಳುತ್ತಾರೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದಾಗ ಇಂಥವರಿಗೆ ಹೊರಗೆ ಗಾಯ ಕಾಣದಿದ್ದರೂ ಒಳಗೆ ರಕ್ತ ಸೋರುತ್ತಿರಬಹುದು. ಈ ಒಂದು ಸಾಲು ಓದಿದ ಡಾಕ್ಟರ್ "ಮನೆಗೆ ಹೋಗಿ" ಎನ್ನುವ ಬದಲು ತಲೆಯ ಸ್ಕ್ಯಾನ್ ಮಾಡಿಸುತ್ತಾರೆ.

ಶುಗರ್ ಇಳಿಸುವ ಔಷಧಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಂಡು ಊಟ ತಪ್ಪಿಸಿದವರಿಗೆ ಸಕ್ಕರೆ ಪೂರ್ತಿ ಇಳಿದು ಬೆವರುತ್ತದೆ, ಮಾತು ತೊದಲುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಹೀಗೆ ಬಿದ್ದವರನ್ನು "ಕುಡಿದಿದ್ದಾನೆ" ಎಂದು ಜನ ದಾಟಿಕೊಂಡು ಹೋಗುತ್ತಾರೆ. ಅದೂ ಅಲ್ಲದೆ, ಗ್ಲಿಮೆಪಿರೈಡ್‌ನ ಪರಿಣಾಮ ತುಂಬಾ ಹೊತ್ತು ಇರುತ್ತದೆ. ಗ್ಲುಕೋಸ್ ಕೊಟ್ಟು ಎಚ್ಚರವಾದ ಮೇಲೂ ಮತ್ತೆ ಇಳಿಯಬಹುದು. ಗುಳಿಗೆಯ ಹೆಸರು ಗೊತ್ತಿದ್ದರೆ ದವಾಖಾನೆಯವರು ಬೇಗ ಮನೆಗೆ ಕಳಿಸುವುದಿಲ್ಲ.

ಬಿ.ಪಿ.ಗೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್ ತರಹದ ಗುಳಿಗೆಗಳು ನಾಡಿಯನ್ನು ನಿಧಾನ ಮಾಡುತ್ತವೆ. ರಕ್ತ ಹೋಗುತ್ತಿದ್ದರೆ ನಾಡಿ ಜೋರಾಗಬೇಕು. ಇವರಲ್ಲಿ ಹಾಗೆ ಆಗದೇ ಇರಬಹುದು, ನೋಡಿದವರಿಗೆ ರೋಗಿ ಪರವಾಗಿಲ್ಲ ಅನಿಸುತ್ತದೆ.

ಸ್ಟೆರಾಯ್ಡ್. ಮಂಡಿ ನೋವಿಗೆ, ದಮ್ಮಿಗೆ ಊರಿನ ಕಡೆ ತಿಂಗಳುಗಟ್ಟಲೆ ನುಂಗುವ ಗುಳಿಗೆಗಳಲ್ಲಿ ಇದು ಇರುವುದುಂಟು. ನುಂಗುವವರಿಗೇ ಗೊತ್ತಿರುವುದಿಲ್ಲ. ಸ್ಟ್ರಿಪ್ ಮೇಲೆ ಪ್ರೆಡ್ನಿಸೊಲೋನ್ ಅಥವಾ ಡೆಕ್ಸಾಮೆಥಾಸೋನ್ ಅಂತ ಇದೆಯೇ ನೋಡಿ. ಬಿಡಿ ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿ ಕೊಟ್ಟಿದ್ದರೆ, ಕೊಟ್ಟವರ ಹತ್ತಿರವೇ ಹೋಗಿ ಹೆಸರು ಬರೆಸಿಕೊಂಡು ಬನ್ನಿ. ತುಂಬಾ ದಿನ ಸ್ಟೆರಾಯ್ಡ್ ತೆಗೆದುಕೊಂಡವರಿಗೆ ಅಪಘಾತ, ಆಪರೇಶನ್ ಹೊತ್ತಿನಲ್ಲಿ ಅದು ಒಮ್ಮೆಲೇ ನಿಂತರೆ ಜೀವಕ್ಕೇ ಅಪಾಯ.

ಫಿಟ್ಸ್ ಗುಳಿಗೆ. ಹೆಸರು, ಜೊತೆಗೆ ಕೊನೆಯ ಸಲ ಫಿಟ್ಸ್ ಬಂದದ್ದು ಯಾವಾಗ ಅನ್ನುವುದು.

ಇನ್ನೊಂದು ಸಂಗತಿ, ಗಂಡಸರು ಹೆಂಡತಿಗೂ ಹೇಳದೆ ಮುಚ್ಚಿಡುವುದು: ಲೈಂಗಿಕ ಶಕ್ತಿಗೆಂದು ನುಂಗುವ ಸಿಲ್ಡೆನಾಫಿಲ್, ಟಡಾಲಾಫಿಲ್ ಗುಳಿಗೆಗಳು. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಗುಳಿಗೆ ಇವುಗಳ ಜೊತೆ ಸೇರಿದರೆ ಬಿ.ಪಿ. ಒಮ್ಮೆಲೇ ಕುಸಿಯುತ್ತದೆ. ಚೀಟಿಯಲ್ಲಿ ಬರೆಯಲು ನಾಚಿಕೆಯಾದರೆ, ಎದೆನೋವು ಬಂದಾಗ ಇಎಂಟಿಯ ಕಿವಿಯಲ್ಲಾದರೂ ಹೇಳಿ. ಅವರಿಗೆ ಇದೇನೂ ಹೊಸದಲ್ಲ.

ಆಯುರ್ವೇದ, ಯುನಾನಿ, ನಾಟಿ ಔಷಧಿ ಇದ್ದರೆ ಅದನ್ನೂ ಸೇರಿಸಿ. "ಅದೆಲ್ಲಾ ಔಷಧಿ ಅಲ್ಲ ಬಿಡ್ರಿ" ಅನ್ನಬೇಡಿ.

ಒಂದು ಸಣ್ಣ ಅಭ್ಯಾಸ ಮಾಡಿಕೊಳ್ಳಿ. ಸ್ಟ್ರಿಪ್ ಕತ್ತರಿಸಿಕೊಂಡು ಬರುವಾಗ ಹೆಸರು, ತಾರೀಖು ಇರುವ ಭಾಗ ಕೊನೆಗೆ ಉಳಿಯುವ ಹಾಗೆ ಎದುರು ತುದಿಯಿಂದ ಗುಳಿಗೆ ತೆಗೆಯಿರಿ.

ಹಂತ 2: ಚೀಟಿ ಬರೆಯಿರಿ, ಎರಡು ಮುಖ

ಆಧಾರ್ ಕಾರ್ಡಿನಷ್ಟೇ ದೊಡ್ಡದಿರಲಿ. ಅದಕ್ಕಿಂತ ದೊಡ್ಡದಾದರೆ ಮಡಚಬೇಕು, ಮಡಚಿದ್ದು ಹರಿಯುತ್ತದೆ.

ಮುಂದಿನ ಮುಖ ದಾರಿಯಲ್ಲಿ ಸಿಕ್ಕವರಿಗಾಗಿ, ಕನ್ನಡದಲ್ಲಿ. ಹಿಂದಿನ ಮುಖ ಇಎಂಟಿ ಮತ್ತು ಡಾಕ್ಟರಿಗಾಗಿ, ಇಂಗ್ಲಿಷಿನಲ್ಲಿ. ಹೈದರಾಬಾದ್, ಸೊಲ್ಲಾಪುರದ ಡಾಕ್ಟರಿಗೆ ಕನ್ನಡ ಓದಲು ಬರುತ್ತದೆ ಎಂದುಕೊಳ್ಳಬೇಡಿ. ನಿಮ್ಮ ಓಣಿಯಲ್ಲಿ ಉರ್ದು ಅಥವಾ ಮರಾಠಿ ಓದುವವರು ಜಾಸ್ತಿ ಇದ್ದರೆ ಮುಂದಿನ ಮುಖದಲ್ಲಿ ಆ ಲಿಪಿಯಲ್ಲೂ ಒಂದು ಸಾಲು ಹಾಕಿ.

ಮುಂದಿನ ಮುಖ ಹೀಗಿರಲಿ:

"ನನಗೆ ಎಚ್ಚರ ತಪ್ಪಿದ್ದರೆ 108ಕ್ಕೆ ಫೋನ್ ಮಾಡಿ. ನನಗೆ ಶುಗರ್ ಕಾಯಿಲೆ ಇದೆ. ಬಾಯಿಗೆ ನೀರು, ಸಕ್ಕರೆ ಏನೂ ಹಾಕಬೇಡಿ. ಮಗನ ನಂಬರ್ (ಕನ್ನಡ, ಹಿಂದಿ ಮಾತಾಡುತ್ತಾನೆ): … ತಂಗಿಯ ನಂಬರ್: … ಈ ಚೀಟಿ ಆಂಬ್ಯುಲೆನ್ಸ್‌ನವರಿಗೆ ಕೊಡಿ."

ಬಾಯಿಗೆ ಏನೂ ಹಾಕಬೇಡಿ ಎಂಬ ಸಾಲು ಸುಮ್ನೆ ಬರೆದದ್ದಲ್ಲ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕುವುದು ನಮ್ಮ ಜನರ ಮೊದಲ ಕೆಲಸ. ಅದು ಶ್ವಾಸಕೋಶಕ್ಕೆ ಹೋಗುತ್ತದೆ.

ಹಿಂದಿನ ಮುಖದಲ್ಲಿ ಈ ಕ್ರಮದಲ್ಲೇ ಬರೆಯಿರಿ:

ಹೆಸರು, ಹುಟ್ಟಿದ ವರ್ಷ. ವಯಸ್ಸು ಬರೆದರೆ ಪ್ರತಿ ವರ್ಷ ತಿದ್ದಬೇಕು.

ಒಗ್ಗದ ಔಷಧಿ: ಪೆನಿಸಿಲಿನ್, ಸಲ್ಫಾ, ಡೈಕ್ಲೊಫೆನಾಕ್, ಆಸ್ಪಿರಿನ್, ಏನಿದ್ದರೂ. ತೆಗೆದುಕೊಂಡಾಗ ಏನಾಯಿತು ಅಂತಲೂ ಎರಡು ಪದ ಇರಲಿ, "ಮೈಯೆಲ್ಲ ದದ್ದು" ಅಥವಾ "ಉಸಿರು ಕಟ್ಟಿತು" ಎಂದು. ಹೊಟ್ಟೆ ಉರಿದದ್ದಕ್ಕೂ ಉಸಿರು ಕಟ್ಟಿದ್ದಕ್ಕೂ ಬಹಳ ವ್ಯತ್ಯಾಸ ಇದೆ. ಏನೂ ಇಲ್ಲದಿದ್ದರೆ "ಇಲ್ಲ" ಎಂದೇ ಬರೆಯಿರಿ. ಖಾಲಿ ಬಿಟ್ಟರೆ ಮರೆತದ್ದೋ ಇಲ್ಲವೋ ಗೊತ್ತಾಗುವುದಿಲ್ಲ.

ಗುಳಿಗೆಗಳು: ಹಂತ 1ರ ಪಟ್ಟಿ.

ಕಾಯಿಲೆ ಮತ್ತು ಆಪರೇಶನ್: ಶುಗರ್, ಬಿ.ಪಿ., ಫಿಟ್ಸ್, ದಮ್ಮು, ಹೃದಯ, ಕಿಡ್ನಿ. ಸ್ಟೆಂಟ್ ಯಾವ ವರ್ಷ, ಪೇಸ್‌ಮೇಕರ್ ಇದೆಯೇ. ಪೇಸ್‌ಮೇಕರ್ ಅಂದರೆ ಹೃದಯದ ಬಡಿತ ಸರಿ ಇಡಲು ಚರ್ಮದ ಕೆಳಗೆ ಹಾಕುವ ಯಂತ್ರ. ಅದಿದ್ದರೆ ಎಂಆರ್‌ಐ ಸ್ಕ್ಯಾನ್‌ಗೆ ಮೊದಲೇ ತಿಳಿಯಬೇಕು. ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಫಿಸ್ಟುಲಾ ಎಡಗೈಯಲ್ಲಿದೆಯೋ ಬಲಗೈಯಲ್ಲೋ ದೊಡ್ಡ ಅಕ್ಷರದಲ್ಲಿ ಬರೆಯಲೇಬೇಕು. ಫಿಸ್ಟುಲಾ ಅಂದರೆ ಡಯಾಲಿಸಿಸ್ ಸೂಜಿಗಾಗಿ ಕೈಯಲ್ಲಿ ಜೋಡಿಸಿದ ರಕ್ತನಾಳ. ಆ ಕೈಗೆ ಬಿ.ಪಿ. ಪಟ್ಟಿ ಕಟ್ಟಬಾರದು, ಸಲೈನ್ ಹಾಕಬಾರದು.

ಯಾವಾಗಲೂ ತೋರಿಸುವ ಡಾಕ್ಟರ್ ಅಥವಾ ದವಾಖಾನೆ.

ಬ್ಲಡ್ ಗ್ರೂಪ್. ರಿಪೋರ್ಟ್ ಕೈಯಲ್ಲಿದ್ದರೆ ಮಾತ್ರ.

ಕೊನೆಗೆ ಚೀಟಿ ಬರೆದ ತಾರೀಖು.

ಏನು ಬರೆಯಬಾರದು? ಆಧಾರ್ ನಂಬರ್, ಬ್ಯಾಂಕ್ ವಿವರ, ಫೋನಿನ ಪಿನ್. ಪರ್ಸ್ ಕಳೆದರೆ ಎಲ್ಲವೂ ಹೋಯಿತು.

ಎಚ್‌ಐವಿ ಅಥವಾ ಮಾನಸಿಕ ಕಾಯಿಲೆಯ ಔಷಧಿ ತೆಗೆದುಕೊಳ್ಳುವವರು ಇಲ್ಲಿ ಹಿಂಜರಿಯುತ್ತಾರೆ. ಸಣ್ಣ ಊರಿನಲ್ಲಿ ಚೀಟಿ ಯಾರ ಕೈಗೆ ಹೋಗುತ್ತದೋ ಹೇಳಲಾಗದು. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ನಿಮ್ಮ ಒಪ್ಪಿಗೆಯಿಲ್ಲದೆ ನಿಮ್ಮ ಸ್ಥಿತಿಯನ್ನು ಬೇರೆಯವರಿಗೆ ಹೇಳುವಂತಿಲ್ಲ. ಬರೆಯುವುದು ಬಿಡುವುದು ನಿಮ್ಮ ತೀರ್ಮಾನ. ಆದರೆ ಆ ಔಷಧಿಗಳು ಬೇರೆ ಔಷಧಿಗಳ ಜೊತೆ ತಿಕ್ಕಾಡುತ್ತವೆ, ಡಾಕ್ಟರಿಗೆ ಗೊತ್ತಿದ್ದರೆ ಒಳ್ಳೆಯದು. ಒಂದು ಉಪಾಯ: ಆ ಗುಳಿಗೆಗಳ ಹೆಸರನ್ನು ಬೇರೆ ಕಾಗದದಲ್ಲಿ ಬರೆದು, ಸಣ್ಣ ಕವರಿನಲ್ಲಿ ಅಂಟಿಸಿ, ಮೇಲೆ "ಡಾಕ್ಟರ್ ಮಾತ್ರ ತೆರೆಯಬೇಕು" ಎಂದು ಬರೆದು ಚೀಟಿಯ ಜೊತೆ ಇಡಿ. ಕಾಯಿಲೆಯ ಹೆಸರು ಬರೆಯುವ ಅಗತ್ಯವೇ ಇಲ್ಲ.

ಬರೆದಾದ ಮೇಲೆ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿ. ಕಲಬುರಗಿಯ ಏಪ್ರಿಲ್ ಮೇ ಬಿಸಿಲಿನಲ್ಲಿ ಕಿಸೆಯ ಬೆವರಿಗೆ ಪೆನ್ನಿನ ಶಾಯಿ ಒಂದು ವಾರವೂ ನಿಲ್ಲುವುದಿಲ್ಲ. ಗುಳಿಗೆ ಮೇಲಿಂದ ಮೇಲೆ ಬದಲಾಗುವವರು ಲ್ಯಾಮಿನೇಶನ್ ಬದಲು ಬಸ್ ಪಾಸ್ ಇಡುವ ಪ್ಲಾಸ್ಟಿಕ್ ಕವರ್ ಬಳಸಿ.

ಹಂತ 3: ಸಿಗುವ ಜಾಗದಲ್ಲಿ ಇಡಿ

ಚೀಟಿ ಬರೆದ ಅರ್ಧ ಜನ ಅದನ್ನು ಬೀರುವಿನಲ್ಲಿ ಜೋಪಾನವಾಗಿ ಇಡುತ್ತಾರೆ! ನಾಲ್ಕೈದು ಪ್ರತಿ ಮಾಡಿ. ಅಂಗಿಯ ಕಿಸೆಯಲ್ಲೋ ಪರ್ಸಿನಲ್ಲೋ ಆಧಾರ್ ಕಾರ್ಡಿನ ಹಿಂದೆ ಒಂದು. ಯಾರ ಪರ್ಸ್ ಸಿಕ್ಕರೂ ಪೊಲೀಸರು ಮೊದಲು ತೆಗೆಯುವುದು ಆಧಾರ್. ಪರ್ಸ್ ಇಟ್ಟುಕೊಳ್ಳದ ಆಯಿ ಇದ್ದರೆ ಎಲೆ ಅಡಿಕೆ ಸಂಚಿಯಲ್ಲಿ ಒಂದು, ಅದು ಅವರನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಬೈಕಿನವರು ಸೀಟಿನ ಕೆಳಗೆ ಇಡಬೇಡಿ. ಗಾಡಿ ರಸ್ತೆಯಲ್ಲಿ ಉಳಿಯುತ್ತದೆ, ನೀವು ದವಾಖಾನೆಗೆ ಹೋಗಿರುತ್ತೀರಿ.

ಮನೆಯಲ್ಲಿ ಒಂದು ಪ್ರತಿಯನ್ನು ಮುಂಬಾಗಿಲಿನ ಒಳಬದಿಗೆ ಅಂಟಿಸಿ. ಜೊತೆಗೆ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಇತ್ತೀಚಿನ ಡಿಸ್ಚಾರ್ಜ್ ಕಾಗದ, ಕೊನೆಯ ಇಸಿಜಿ, ರೇಶನ್ ಕಾರ್ಡ್ ಮತ್ತು ಆಯುಷ್ಮಾನ್ ಕಾರ್ಡಿನ ಜೆರಾಕ್ಸ್. ಹಳೆಯ ಇಸಿಜಿಗೆ ಬೆಲೆ ಇಲ್ಲ ಅಂದುಕೊಳ್ಳಬೇಡಿ. ಇವತ್ತಿನದು ಹೊಸ ಬದಲಾವಣೆಯೋ ಮೊದಲೇ ಇದ್ದದ್ದೋ ತಿಳಿಯುವುದು ಅದರಿಂದಲೇ. ಈ ಫೈಲ್ ಎಲ್ಲಿದೆ ಎಂದು ಪಕ್ಕದ ಮನೆಯವರಿಗೂ ಹೇಳಿಡಿ.

ಇಲ್ಲಿ ಒಂದು ಗೊಂದಲ ತುಂಬಾ ಜನರಿಗೆ ಇದೆ. ಆಯುಷ್ಮಾನ್ ಕಾರ್ಡ್ ಚಿಕಿತ್ಸೆಯ ಖರ್ಚಿಗೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಅದರಲ್ಲಿ ನಿಮ್ಮ ಗುಳಿಗೆಗಳ ಪಟ್ಟಿ ಇರುವುದಿಲ್ಲ. ಆಭಾ ಅನ್ನುವ 14 ಅಂಕಿಯ ಆರೋಗ್ಯ ಸಂಖ್ಯೆ ಬೇರೆ. ಅದಕ್ಕೆ ದಾಖಲೆಗಳನ್ನು ಜೋಡಿಸಬಹುದು, ಆದರೆ ತೆರೆದು ನೋಡಲು ನಿಮ್ಮ ಒಪ್ಪಿಗೆ ಬೇಕು. ಎಚ್ಚರ ತಪ್ಪಿ ಬಿದ್ದವರು ಒಪ್ಪಿಗೆ ಕೊಡುವುದು ಹೇಗೆ? ಎರಡೂ ಮಾಡಿಸಿಕೊಳ್ಳಿ, ಆದರೆ ಚೀಟಿಯ ಕೆಲಸ ಅವು ಮಾಡುವುದಿಲ್ಲ.

ಹಂತ 4: ಲಾಕ್ ಆದ ಫೋನಿನಲ್ಲೂ ಕಾಣುವ ಹಾಗೆ ಮಾಡಿ

ಇದಕ್ಕೆ ಹೊಸ ಆ್ಯಪ್ ಬೇಡ, ಫೋನಿನಲ್ಲೇ ಇದೆ.

ಆಂಡ್ರಾಯ್ಡ್ ಫೋನ್: ಸೆಟ್ಟಿಂಗ್ಸ್ ತೆರೆದು ಮೇಲಿನ ಹುಡುಕುವ ಜಾಗದಲ್ಲಿ "ಎಮರ್ಜೆನ್ಸಿ" ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಹೆಚ್ಚಿನವುಗಳಲ್ಲಿ "ಸೇಫ್ಟಿ ಅಂಡ್ ಎಮರ್ಜೆನ್ಸಿ" ಸಿಗುತ್ತದೆ. ಒಳಗೆ ಮೆಡಿಕಲ್ ಮಾಹಿತಿ ಮತ್ತು ಎಮರ್ಜೆನ್ಸಿ ಕಾಂಟ್ಯಾಕ್ಟ್ ಎಂದು ಎರಡು ಇರುತ್ತವೆ. ಎರಡನ್ನೂ ತುಂಬಿ. ಮಾಡೆಲ್ ಬದಲಾದ ಹಾಗೆ ಹೆಸರು ಸ್ವಲ್ಪ ಬದಲಾಗುತ್ತದೆ, ಗಾಬರಿ ಬೇಡ.

ಐಫೋನ್: ಹೆಲ್ತ್ ಆ್ಯಪ್ ತೆರೆದು ಮೇಲೆ ನಿಮ್ಮ ಫೋಟೋ ಒತ್ತಿ, ಮೆಡಿಕಲ್ ಐಡಿಗೆ ಹೋಗಿ, ತಿದ್ದುವ ಬಟನ್ ಒತ್ತಿ ತುಂಬಿ.

ಎರಡರಲ್ಲೂ ಜನ ತಪ್ಪುವ ಜಾಗ ಒಂದೇ. ಎಲ್ಲ ತುಂಬುತ್ತಾರೆ, "ಲಾಕ್ ಆದಾಗಲೂ ತೋರಿಸು" ಎಂಬ ಸ್ವಿಚ್ ಆನ್ ಮಾಡುವುದು ಬಿಡುತ್ತಾರೆ. ಅದು ಆನ್ ಇಲ್ಲದಿದ್ದರೆ ಬರೆದದ್ದೆಲ್ಲ ದಂಡ. ಆನ್ ಇದ್ದರೆ ಯಾರು ಬೇಕಾದರೂ ಲಾಕ್ ಪರದೆಯಲ್ಲಿ "ಎಮರ್ಜೆನ್ಸಿ" ಒತ್ತಿ ಓದಬಹುದು. ಯಾರು ಬೇಕಾದರೂ ಅನ್ನುವುದನ್ನು ನೆನಪಿಡಿ, ಗುಟ್ಟಿನ ವಿಷಯ ಇಲ್ಲಿ ಬೇಡ.

ಇನ್ನೂ ಸುಲಭದ್ದು ಬೇಕೇ? ಆಂಡ್ರಾಯ್ಡ್‌ನಲ್ಲಿ ಲಾಕ್ ಪರದೆಯ ಮೇಲೆ ಒಂದು ಸಾಲು ಬರೆದಿಡಬಹುದು. "ಶುಗರ್ ರೋಗಿ, ಚೀಟಿ ಪರ್ಸಿನಲ್ಲಿದೆ" ಎಂದು ಹಾಕಿ ಪಕ್ಕದಲ್ಲಿ ಮಗಳ ನಂಬರ್. ಫೋನ್ ಎತ್ತಿಕೊಂಡ ಕೂಡಲೇ ಕಾಣುತ್ತದೆ, ಏನೂ ಒತ್ತಬೇಕಿಲ್ಲ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಉಪಯೋಗದ್ದು.

ಕೀಪ್ಯಾಡ್ ಫೋನ್ ಇರುವ ಮುತ್ಯಾನಿಗೆ ಲಾಕ್ ಹಾಕಿಕೊಡಬೇಡಿ. ಹತ್ತಿರದವರ ಹೆಸರಿನ ಮುಂದೆ ಇಂಗ್ಲಿಷಿನ ಎ ಅಕ್ಷರ ಎರಡು ಸಲ ಹಾಕಿ ಸೇವ್ ಮಾಡಿ, ಪಟ್ಟಿಯ ಮೊದಲಲ್ಲೇ ಬರುತ್ತದೆ. ಹೆಸರಿನ ಜೊತೆ "ಮಗ", "ಸೊಸೆ" ಎಂದು ಸಂಬಂಧವನ್ನೂ ಸೇರಿಸಿ. ಬರೇ ಹೆಸರಿದ್ದರೆ ಅವರು ಮಗನೋ ಕಿರಾಣಿ ಅಂಗಡಿಯವರೋ ಯಾರಿಗೆ ಗೊತ್ತು?

ನಂಬರ್ ಯಾರದ್ದು ಕೊಡಬೇಕು? ಗಂಡನ ಚೀಟಿಯಲ್ಲಿ ಹೆಂಡತಿಯ ನಂಬರ್ ಒಂದೇ ಇದ್ದರೆ ಸಾಲದು. ಇಬ್ಬರೂ ಒಂದೇ ಬೈಕಿನಲ್ಲಿ ಹೋಗುತ್ತಿರುತ್ತೀರಿ. ಎರಡನೆಯ ನಂಬರ್ ಬೇರೆ ಮನೆಯವರದ್ದಿರಲಿ. ಕಾಕಾ, ಅಕ್ಕ, ಗೆಳೆಯ, ಯಾರಾದರೂ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೂ ಎತ್ತುವ ಮನುಷ್ಯ ಆಗಿರಬೇಕು, ಮತ್ತು ನಿಮ್ಮ ಚೀಟಿಯ ಫೋಟೋ ಅವರ ವಾಟ್ಸಾಪ್‌ನಲ್ಲಿ ಇರಬೇಕು.

ಕ್ಯೂಆರ್ ಕೋಡ್ ಸ್ಟಿಕರ್, ಕೈಗೆ ಕಟ್ಟುವ ಪಟ್ಟಿ ಮಾರುವವರ ಜಾಹೀರಾತು ಈಗ ಜಾಸ್ತಿ. ಚಿಂಚೋಳಿಯ ಕಾಡಿನ ದಾರಿಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಆ ಕೋಡ್ ತೆರೆಯುವುದಿಲ್ಲ. ನಿಮ್ಮ ಕಾಯಿಲೆಯ ವಿವರ ಯಾರ ಕಂಪ್ಯೂಟರಿನಲ್ಲಿ ಕೂರುತ್ತದೆ ಎಂಬುದೂ ತಿಳಿಯದು. ವರ್ಷ ವರ್ಷ ದುಡ್ಡು ಕಟ್ಟಬೇಕಾದ್ದನ್ನಂತೂ ನಾನು ಕೊಳ್ಳುವುದಿಲ್ಲ.

ಹಂತ 5: ಕೆಲವರಿಗೆ ಸ್ವಲ್ಪ ಹೆಚ್ಚಿನ ತಯಾರಿ

ಗರ್ಭಿಣಿಯರು ತಾಯಿ ಕಾರ್ಡ್ ಬಿಟ್ಟು ಎಲ್ಲಿಗೂ ಹೋಗಬಾರದು. ಬಿ.ಪಿ., ಹಿಮೋಗ್ಲೋಬಿನ್, ಬ್ಲಡ್ ಗ್ರೂಪ್ ಎಲ್ಲ ಅದರಲ್ಲೇ ಇರುತ್ತದೆ. ತವರಿಗೆ ಹೋಗುವಾಗ ಗಂಡನ ಮನೆಯಲ್ಲೇ ಮರೆತು ಬರುವುದು ಮಾಮೂಲಿ, ಆದ್ದರಿಂದ ಎಲ್ಲ ಪುಟದ ಫೋಟೋ ತೆಗೆದು ಅವ್ವನ ಫೋನಿಗೂ ಕಳಿಸಿಡಿ.

ಮುಂಬೈ, ಪುಣೆ, ಬೆಂಗಳೂರಿಗೆ ದುಡಿಯಲು ಹೋಗುವವರು ಚೀಟಿಯಲ್ಲಿ ಊರಿನ ನಂಬರಿನ ಜೊತೆ ಅಲ್ಲಿಯೇ ಇರುವ ಒಬ್ಬರ ನಂಬರ್ ಸೇರಿಸಿ. ಮೇಸ್ತ್ರಿಯದ್ದಾದರೂ ಸರಿ. ಊರಿನಿಂದ ಹೊರಟವರು ತಲುಪುವ ಹೊತ್ತಿಗೆ ಒಂದು ದಿನವೇ ಆಗಬಹುದು.

ಗಾಣಗಾಪುರದ ದತ್ತನ ದರ್ಶನಕ್ಕೆ, ಶರಣಬಸವೇಶ್ವರರ ತೇರಿಗೆ, ಬಂದೇನವಾಜ್ ಉರುಸಿಗೆ, ಮೈಲಾಪುರದ ಜಾತ್ರೆಗೆ ಹೋಗುವಾಗ ವಯಸ್ಸಾದವರ ಚೀಟಿ ಚೀಲದಲ್ಲಿ ಬೇಡ. ಗದ್ದಲದಲ್ಲಿ ಚೀಲ ಒಬ್ಬರ ಕೈಯಲ್ಲಿ, ಅವರು ಇನ್ನೊಂದು ಕಡೆ. ಅಂಗಿ ಅಥವಾ ಕುಪ್ಪಸದ ಒಳಗೆ ಪಿನ್ ಹಾಕಿ. ಮರೆವಿನ ಕಾಯಿಲೆ ಇದ್ದವರಿಗೂ ಹೀಗೆಯೇ.

ಹೊಲದಲ್ಲಿ ಬೆಳೆಗೆ ಎಣ್ಣೆ (ಕೀಟನಾಶಕ) ಹೊಡೆಯುವವರ ಮಾತು ಪೂರ್ತಿ ಬೇರೆ. ತೊಗರಿಗೋ ಹತ್ತಿಗೋ ಕೀಟನಾಶಕ ಸಿಂಪಡಿಸುತ್ತಾ ಬಿದ್ದವರಿಗೆ ಕಿಸೆಯ ಚೀಟಿಗಿಂತ ಆ ಡಬ್ಬಿಯ ಲೇಬಲ್ ಮುಖ್ಯ. ಒಂದೊಂದು ಬಗೆಯ ವಿಷಕ್ಕೆ ಚಿಕಿತ್ಸೆ ಬೇರೆ. ಸಿಂಪಡಿಸುವ ಮೊದಲೇ ಲೇಬಲ್‌ನ ಫೋಟೋ ತೆಗೆದಿಟ್ಟುಕೊಳ್ಳಿ. ಇಲ್ಲವಾದರೆ ಮುಚ್ಚಳ ಬಿಗಿ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಡಬ್ಬಿಯನ್ನೇ ಒಯ್ಯಿರಿ. ಹಾವು ಕಚ್ಚಿದರೆ ಕಚ್ಚಿದ ಹೊತ್ತನ್ನು ಬರೆದಿಟ್ಟು ಕೂಡಲೇ ಹೊರಡಿ, ಹಾವನ್ನು ಹುಡುಕುತ್ತಾ ಕೂರಬೇಡಿ.

ಹಂತ 6: ಫೋನ್ ಮಾಡಿದವರು ಹೇಳಬೇಕಾದದ್ದು

108 ಅಥವಾ 112, ಎರಡೂ ನಡೆಯುತ್ತದೆ. ಗಡಿಯ ಊರುಗಳಲ್ಲಿ ಫೋನ್ ಆಚೆ ರಾಜ್ಯದ ಟವರ್ ಹಿಡಿದಿರಬಹುದು, ಕರೆ ಅಲ್ಲಿನ ಕೇಂದ್ರಕ್ಕೆ ಹೋಗಿಬಿಡಬಹುದು. ಆದ್ದರಿಂದ "ನಮ್ಮೂರಿಗೆ ಬೇಗ ಬರ್ರಿ" ಎಂದು ಶುರು ಮಾಡದೆ "ಕರ್ನಾಟಕ, ಬೀದರ್ ಜಿಲ್ಲೆ, ಇಂಥ ತಾಲ್ಲೂಕು, ಇಂಥ ಊರು" ಎಂದು ಹೇಳಿ. ಒಂದೇ ಹೆಸರಿನ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಹತ್ತಿರದ ಗುಡಿ, ಶಾಲೆ, ಪೆಟ್ರೋಲ್ ಬಂಕ್ ಹೇಳಿ.

ಲಕ್ವಾ ಹೊಡೆದಿದ್ದರೆ, ಅಂದರೆ ಬಾಯಿ ಸೊಟ್ಟಗಾಗಿ ಕೈ ಎತ್ತಲಾಗದಿದ್ದರೆ, ಆ ಮನುಷ್ಯ ಕೊನೆಯದಾಗಿ ಸರಿಯಾಗಿದ್ದನ್ನು ನೋಡಿದ ಹೊತ್ತು ಬರೆದಿಡಿ. ಬಿದ್ದದ್ದನ್ನು ಕಂಡ ಹೊತ್ತಲ್ಲ, ಚೆನ್ನಾಗಿದ್ದದ್ದನ್ನು ಕಂಡ ಹೊತ್ತು. ಮೆದುಳಿನ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಲೆಕ್ಕ ಶುರುವಾಗುವುದು ಆ ಹೊತ್ತಿನಿಂದ.

ದಾರಿಯಲ್ಲಿ ಬಿದ್ದವರ ಕಿಸೆಗೆ ಕೈ ಹಾಕಲು ಜನ ಹೆದರುತ್ತಾರೆ. ಕಳ್ಳ ಅಂದಾರು, ಪೊಲೀಸ್ ಸ್ಟೇಷನ್ ಅಲೆಯಬೇಕಾದೀತು ಎಂದು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿಸಿದ 134ಎ ಕಲಮು ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಕರ್ನಾಟಕದ್ದೇ ಒಂದು ಕಾಯ್ದೆಯೂ ಇದೆ. ಆದರೂ ಒಬ್ಬರೇ ಹುಡುಕಬೇಡಿ, ಪಕ್ಕದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿಕೊಂಡು ತೆಗೆಯಿರಿ. ಚೀಟಿ ಸಿಕ್ಕರೆ ಫೋಟೋ ತೆಗೆದುಕೊಂಡು, ಮೂಲವನ್ನು ಇಎಂಟಿಯ ಕೈಗೇ ಕೊಡಿ.

ಹಂತ 7: ಪರೀಕ್ಷೆ ಮಾಡಿ, ಆಮೇಲೆ ಹೊಸದು ಮಾಡುತ್ತಿರಿ

ಲಾಕ್ ಆದ ನಿಮ್ಮ ಫೋನ್ ಮತ್ತು ಪರ್ಸನ್ನು ಪಕ್ಕದ ಮನೆಯ ಹುಡುಗನ ಕೈಗೆ ಕೊಡಿ. "ನನಗೆ ಏನು ಕಾಯಿಲೆ, ಯಾರಿಗೆ ಫೋನ್ ಮಾಡಬೇಕು, ಹುಡುಕು" ಎನ್ನಿ. ಒಂದು ನಿಮಿಷದಲ್ಲಿ ಸಿಕ್ಕರೆ ಸರಿ. ಸಿಗದಿದ್ದರೆ ಜಾಗ ಬದಲಾಯಿಸಿ. ಎಮರ್ಜೆನ್ಸಿ ಬಟನ್ ಒತ್ತಿ ನೋಡುವಾಗ ನಿಜವಾಗಿಯೂ 112ಕ್ಕೆ ಕರೆ ಹೋಗದಂತೆ ನೋಡಿಕೊಳ್ಳಿ. ಹಲವು ಫೋನುಗಳಲ್ಲಿ ಪವರ್ ಬಟನ್ ಬೇಗ ಬೇಗ ಹಲವು ಸಲ ಒತ್ತಿದರೆ ತಾನೇ ಕರೆ ಹೋಗುತ್ತದೆ. ಹೋದರೆ ಕಟ್ ಮಾಡಬೇಡಿ. "ತಪ್ಪಿ ಹೋಯಿತು, ಯಾರಿಗೂ ಏನೂ ಆಗಿಲ್ಲ" ಎಂದು ಹೇಳಿಯೇ ಇಡಿ, ಇಲ್ಲದಿದ್ದರೆ ಅವರೇ ತಿರುಗಿ ಕರೆ ಮಾಡುತ್ತಾರೆ.

ಗುಳಿಗೆ ಬದಲಾದ ದಿನವೇ ಚೀಟಿಯೂ ಬದಲಾಗಬೇಕು. ಬದಲಾಗದಿದ್ದರೂ ವರ್ಷಕ್ಕೆ ಎರಡು ಸಲ ತೆಗೆದು ನೋಡಿ. ಎಳ್ಳ ಅಮಾವಾಸ್ಯೆಗೂ ನಾಗರ ಪಂಚಮಿಗೂ ಮನೆಯವರೆಲ್ಲ ಸೇರಿರುತ್ತಾರೆ, ಆಗ ಎಲ್ಲರ ಚೀಟಿಯನ್ನೂ ಒಟ್ಟಿಗೆ ತಿದ್ದಿಬಿಡಬಹುದು. ಫೋನಿನ ಪುಟ, ಬಾಗಿಲಿನ ಪ್ರತಿ, ಮಗನ ವಾಟ್ಸಾಪ್‌ನಲ್ಲಿರುವ ಫೋಟೋ ಮೂರನ್ನೂ ಅವತ್ತೇ ಬದಲಾಯಿಸಿ. ಹಳೆಯ ಪ್ರತಿಗಳನ್ನು ಹರಿದು ಹಾಕಿ. ಪರ್ಸಿನಲ್ಲಿ ಎರಡು ಚೀಟಿ, ಎರಡರಲ್ಲೂ ಬೇರೆ ಬೇರೆ ಗುಳಿಗೆ ಇದ್ದರೆ ಡಾಕ್ಟರ್ ಎರಡನ್ನೂ ನಂಬುವುದಿಲ್ಲ.